ಅಡಿಟಿಪ್ಪಣಿಯ ಆಯುಸ್ಸು

ಬಿಜಾಪುರದ ವಕೀಲರೊಬ್ಬರು 1926ರಲ್ಲಿ ಶುರು ಮಾಡಿದ 'ಶಿವಾನುಭವ' ಪತ್ರಿಕೆಗೆ ನೂರು ವರ್ಷ. ಪಿಎಚ್‌.ಡಿ. ಪ್ರಬಂಧಗಳ ಕೊನೆಯ ಪುಟಗಳಲ್ಲಿ ಅದಿನ್ನೂ ಬದುಕಿದೆ. ಆದರೆ ಲೇಖನದ ತೂಕವನ್ನು ಎರಡೇ ವರ್ಷದಲ್ಲಿ ತೂಗಿ ಮುಗಿಸುವ ಇಂದಿನ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಯಾವ ಬರಹವನ್ನು ಯಾರು, ಎಷ್ಟು ಕಾಲದ ಮೇಲೆ ನೆನೆಯುತ್ತಾರೆ?

ವಿಜಯಪುರದ ಜೋರಾಪುರ ಪೇಟೆಯಲ್ಲೊಂದು ಡಿಟಿಪಿ ಅಂಗಡಿ. ಒಂದು ಕಂಪ್ಯೂಟರ್, ಪಕ್ಕದಲ್ಲಿ ಬಿಸಿಯಾಗಿ ಗುಂಯ್‌ಗುಡುವ ಜೆರಾಕ್ಸ್ ಯಂತ್ರ, ಗೋಡೆಗೆ ಒರಗಿಸಿದ ಕೆಂಪು ರೆಕ್ಸಿನ್ ಸುರುಳಿಗಳು. ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ಬಂದ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಸ್ಟೂಲಿನ ಮೇಲೆ ಕೂತು ಕೊನೆಯ ಪ್ರೂಫ್ ನೋಡುತ್ತಿದ್ದಾಳೆ. ಐದು ಅಧ್ಯಾಯ ಮುಗಿದಿವೆ, ಉಳಿದದ್ದು ಪರಾಮರ್ಶನ ಗ್ರಂಥಗಳ ಪಟ್ಟಿ. ಟೈಪ್ ಮಾಡುತ್ತಿದ್ದವನ ಬೆರಳು ನಡುವೆ ನಿಲ್ಲುತ್ತದೆ.

"ಅಕ್ಕಾರ, ಇಲ್ಲಿ 1926 ಅಂತ ಬಂದೈತ್ರಿ. 2016 ಮಾಡ್ಲೇನ್ರಿ?"

"ಬ್ಯಾಡ್ರಿ ಅಣ್ಣಾರ, ಅದು ಖರೇನ 1926."

"ಮ್ಯಾಲಿನ ಸಾಲಿನ್ಯಾಗ 1881 ಐತಲ್ರಿ?"

"ಅದೂ ಬರೋಬ್ಬರಿ ಐತ್ರಿ."

ಅವನಿಗೆ ಅನುಮಾನ ಬಂದದ್ದು ಸಹಜ. ಊರಿನ ವೈದ್ಯಕೀಯ ಕಾಲೇಜುಗಳ ಪಿ.ಜಿ. ವಿದ್ಯಾರ್ಥಿಗಳ ಪ್ರಬಂಧಗಳೂ ಇಂಥ ಅಂಗಡಿಗಳಲ್ಲೇ ಬೈಂಡ್ ಆಗುತ್ತವೆ. ಅವುಗಳ ಪಟ್ಟಿಯಲ್ಲಿ ಇಸವಿಗಳೆಲ್ಲ ಮೊನ್ನೆ ಮೊನ್ನೆಯವು. ಹತ್ತು ವರ್ಷ ಹಳೆಯ ಲೇಖನ ಕಂಡರೆ 'ಹೊಸದು ಸಿಗಲಿಲ್ಲವೇ' ಎಂದು ಗೈಡ್ ಕೇಳುವ ವಿಷಯಗಳವು. ವಚನ, ಶಾಸನ, ಆದಿಲಶಾಹಿ ಇತಿಹಾಸ ಎಂದು ಹೊರಟವರ ಪಟ್ಟಿಯಲ್ಲಿ ನೂರು, ನೂರೈವತ್ತು ವರ್ಷದ ಹಿಂದಿನ ಪತ್ರಿಕೆಗಳು ಸಾಲಾಗಿ ಕೂತಿರುತ್ತವೆ. ಒಂದೇ ಊರಿನಲ್ಲಿ ವಿದ್ಯೆ ಎರಡು ವೇಗದಲ್ಲಿ ಓಡುತ್ತಿದೆ.

ಮನೆ ಮಾರಿ ಕೊಂಡ ಮುದ್ರಣ ಯಂತ್ರ

ಆ 1926ರ ಪತ್ರಿಕೆ 'ಶಿವಾನುಭವ'. ಅದರ ಸಂಪಾದಕರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ಕಾನೂನು ಓದಿ, ಬಿಜಾಪುರಕ್ಕೆ ಬಂದು ವಕೀಲಿ ಹಿಡಿದವರು. 1910ರಲ್ಲಿ ಇಲ್ಲಿ ಬಿ.ಎಲ್‌.ಡಿ.ಇ. ಸಂಸ್ಥೆ ಕಟ್ಟಿದವರೂ ಅವರೇ. ರಬಕವಿಯ ಮನೆಯೊಂದರಲ್ಲಿ ಕಂಡ ತಾಡವೋಲೆಗಳು ಅವರನ್ನು ಹಿಡಿದುಕೊಂಡವು. ಅಲ್ಲಿಂದ ಮುಂದೆ ಕಚೇರಿಯ ಬಿಡುವೆಲ್ಲ ಓಲೆ ಹುಡುಕುವುದಕ್ಕೆ, ಪ್ರತಿ ಮಾಡುವುದಕ್ಕೆ ಹೋಯಿತು.

1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂತು. ಪರರ ಅಚ್ಚುಕೂಟವನ್ನು ನಂಬಿ ಈ ಕೆಲಸ ಸಾಗದು ಎಂದು 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ', ಅದರ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. 1926ರಲ್ಲೇ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಬಂತು.

'ಶಿವಾನುಭವ'ದ ಪುಟಗಳಲ್ಲಿ ಬಂದದ್ದು ಬಹುಮಟ್ಟಿಗೆ ಅಲ್ಲಿಯವರೆಗೆ ಅಚ್ಚಿನ ಮುಖವನ್ನೇ ಕಾಣದ ಸಾಮಗ್ರಿ: ಶರಣರ ವಚನಗಳು, ಅವರ ಚರಿತ್ರೆ, ವೀರಶೈವ ಕಾವ್ಯ, ಶಾಸ್ತ್ರ. ಅಲ್ಲಿ ಲೇಖನಕ್ಕೆ ಆಧಾರ ಕೊಡುವುದೆಂದರೆ ಹಿಂದಿನ ವರ್ಷದ ಇನ್ನೊಂದು ಲೇಖನ ತೋರಿಸುವುದಾಗಿರಲಿಲ್ಲ. ಹುಳು ತಿಂದ ಓಲೆಯನ್ನು, ಅದರ ಪಾಠವನ್ನು ತೋರಿಸುವುದಾಗಿತ್ತು. 12ನೆಯ ಶತಮಾನದ ಮಾತು 15ನೆಯ ಶತಮಾನದ ಸಂಕಲನಕಾರರ ಕೈದಾಟಿ ಬಂದು 20ನೆಯ ಶತಮಾನದ ಮೊಳೆಗಳಲ್ಲಿ ಕೂರುತ್ತಿತ್ತು. ವಚನಗಳ ಚರಿತ್ರೆಯೇ ಹೀಗೆ ಎದ್ದು, ಮಲಗಿ, ಮತ್ತೆ ಎದ್ದ ಚರಿತ್ರೆ. ಕಲ್ಯಾಣದ ದಿನಗಳ ನಂತರ ಅವಕ್ಕೆ ದೊಡ್ಡ ಪ್ರಮಾಣದಲ್ಲಿ ಮರುಜೀವ ಬಂದದ್ದು ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ. ಆಮೇಲೆ ಮಠಗಳ ಗಂಟುಗಳಲ್ಲಿ ಉಳಿದವು ಹಳಕಟ್ಟಿಯವರ ಕೈ ಸೇರುವ ಹೊತ್ತಿಗೆ ಶತಮಾನಗಳೇ ಕಳೆದಿದ್ದವು.

ಅದೇ 1926, ಇನ್ನೊಂದು ಊರು

ಬಿಜಾಪುರದಲ್ಲಿ ಮೊದಲ ಸಂಚಿಕೆಯ ಮೊಳೆ ಜೋಡಣೆಯಾದ ಅದೇ ವರ್ಷ ಅಮೆರಿಕದ ರಸಾಯನಶಾಸ್ತ್ರ ಪತ್ರಿಕೆಯೊಂದರ ಸಂಪುಟವೂ ಹೊರಬಂತು. ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು 'ಜರ್ನಲ್ ಆಫ್ ದಿ ಅಮೆರಿಕನ್ ಕೆಮಿಕಲ್ ಸೊಸೈಟಿ'ಯ 1926ರ ಸಂಪುಟ ತೆರೆದಿಟ್ಟು, ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಎಣಿಸಿದರು. ಸಿಕ್ಕ ಉಲ್ಲೇಖಗಳು 3,633.

ಅವರಿಗಿದ್ದ ಪ್ರಶ್ನೆ ಸರಳ. ಸಣ್ಣ ಕಾಲೇಜಿನ ಗ್ರಂಥಾಲಯದಲ್ಲಿ ಹಣ ಕಡಿಮೆ, ಯಾವ ಪತ್ರಿಕೆ ತರಿಸಬೇಕು? ಹೆಚ್ಚು ಜನ ಯಾವುದನ್ನು ನೆನೆಯುತ್ತಾರೋ ಅದನ್ನು. ಯಾವ ಇಸವಿಯ ಸಂಪುಟಗಳಿಗೆ ಎಷ್ಟು ಉಲ್ಲೇಖ ಎಂಬುದನ್ನೂ ಅವರು ಬೇರ್ಪಡಿಸಿದರು, ಏಕೆಂದರೆ ಹಳೆಯ ಸಂಪುಟಗಳನ್ನೂ ಕೊಳ್ಳಬೇಕೇ ಎಂದು ತಿಳಿಯಬೇಕಿತ್ತು. 1927ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಆ ಪುಟ್ಟ ಲೇಖನದಿಂದ ಉಲ್ಲೇಖ ಎಣಿಸುವ ವಿದ್ಯೆ ಬೆಳೆಯಿತು.

ಅದನ್ನು ಉದ್ಯಮ ಮಾಡಿದವರು ಫಿಲಡೆಲ್ಫಿಯಾದ ಯೂಜೀನ್ ಗಾರ್‌ಫೀಲ್ಡ್. 1955ರಲ್ಲಿ ಉಲ್ಲೇಖ ಸೂಚಿಯ ಕಲ್ಪನೆ ಮುಂದಿಟ್ಟರು, 1960ರ ದಶಕದಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ತಂದರು. ಅದರ ಬೆನ್ನಿಗೇ ಬಂದದ್ದು ಇಂದು ಪ್ರತಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳುವ ಇಂಪ್ಯಾಕ್ಟ್ ಫ್ಯಾಕ್ಟರ್. ಒಂದು ಪತ್ರಿಕೆ 2024 ಮತ್ತು 2025ರಲ್ಲಿ ಒಟ್ಟು 100 ಲೇಖನ ಪ್ರಕಟಿಸಿ, ಅವಕ್ಕೆ 2026ರಲ್ಲಿ 300 ಉಲ್ಲೇಖ ಸಿಕ್ಕರೆ ಅದರ ಫ್ಯಾಕ್ಟರ್ 3. 2023ರ ಲೇಖನಕ್ಕೆ ಸಾವಿರ ಉಲ್ಲೇಖ ಬಂದರೂ ಈ ಲೆಕ್ಕಕ್ಕೆ ಸೇರದು.

ಎರಡೇ ವರ್ಷದ ಕಿಂಡಿ. ಜೀವರಸಾಯನದಂಥ ವೇಗದ ವಿಷಯಗಳಿಗೆ ಅದು ಹೊಂದುತ್ತದೆ, ಗಾರ್‌ಫೀಲ್ಡ್ ಅವರ ಕಣ್ಣೆದುರು ಇದ್ದದ್ದೂ ಅವೇ. ಉಳಿದವರ ಮೇಲೆ ಅದನ್ನು ಹೇರಿದ್ದು ಆಮೇಲೆ.

[ಬಾಕ್ಸ್] ಕಿಂಡಿಯಲ್ಲಿ ಹಾದುಹೋದ ಕೊರೊನಾ
2020ರ ಜನವರಿ 24ರಂದು 'ದಿ ಲ್ಯಾನ್ಸೆಟ್' ವುಹಾನ್‌ನ 41 ರೋಗಿಗಳ ಕುರಿತ ಲೇಖನ ಪ್ರಕಟಿಸಿತು. ಜಗತ್ತಿನ ಕೊರೊನಾ ಲೇಖನಗಳೆಲ್ಲ ಅದನ್ನು ಉಲ್ಲೇಖಿಸತೊಡಗಿದವು. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2020ರಲ್ಲಿ 79.3 ಇದ್ದದ್ದು 2021ಕ್ಕೆ 202.7ಕ್ಕೆ ಜಿಗಿಯಿತು. 2022ರಲ್ಲಿ 168.9. 2020ರ ಲೇಖನಗಳು ಎರಡು ವರ್ಷದ ಲೆಕ್ಕದಿಂದ ಹೊರಬಿದ್ದ 2023ರಲ್ಲಿ 98.4ಕ್ಕೆ ಇಳಿಯಿತು.

ಏರಿ ಇಳಿಯುವ ಗೆರೆ

ಸಾಮಾನ್ಯ ವಿಜ್ಞಾನ ಲೇಖನದ ಬದುಕು ಹೀಗಿರುತ್ತದೆ: ಪ್ರಕಟವಾದ ವರ್ಷ ಒಂದೋ ಎರಡೋ ಉಲ್ಲೇಖ. ಓದಿದವರು ತಮ್ಮ ಪ್ರಯೋಗ ಮುಗಿಸಿ, ಬರೆದು, ಪರಿಶೀಲನೆ ದಾಟಿ ಅಚ್ಚಿಗೆ ಬರುವಷ್ಟರಲ್ಲಿ ಎರಡು ಮೂರು ವರ್ಷ. ಆಗ ಗೆರೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಜಾರು. ಒಂದು ವಿಷಯದ ಉಲ್ಲೇಖಗಳಲ್ಲಿ ಅರ್ಧದಷ್ಟು ಎಷ್ಟು ವರ್ಷದೊಳಗಿನ ಬರಹಗಳಿಗೆ ಸಲ್ಲುತ್ತವೆ ಎಂಬುದನ್ನು 'ಅರ್ಧಾಯುಷ್ಯ' ಎಂದು ಅಳೆಯುವ ರೂಢಿ 1960ರಲ್ಲಿ ಬಂತು. ವೈದ್ಯಕೀಯದ ಹಲವು ಶಾಖೆಗಳಲ್ಲಿ ಅದು ಕೆಲವೇ ವರ್ಷ. ಗಣಿತ, ಇತಿಹಾಸಗಳಲ್ಲಿ ಹತ್ತು ವರ್ಷ ದಾಟುವುದು ಮಾಮೂಲು.

ಇತಿಹಾಸಕಾರ ಡೆರೆಕ್ ಡಿ ಸೋಲಾ ಪ್ರೈಸ್ 1970ರಲ್ಲಿ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಕೇಳಿದರು. ಲೇಖನವೊಂದು ತಾನು ಉಲ್ಲೇಖಿಸುವ ಬರಹಗಳಲ್ಲಿ ಕಳೆದ ಐದು ವರ್ಷದವು ಎಷ್ಟು? ಭೌತವಿಜ್ಞಾನ, ಜೀವರಸಾಯನಗಳಲ್ಲಿ ನೂರಕ್ಕೆ 60ರಿಂದ 70. ಸಮಾಜವಿಜ್ಞಾನದಲ್ಲಿ ಕಡಿಮೆ, ಸಾಹಿತ್ಯ–ಇತಿಹಾಸದ ಕಡೆಗೆ ಬಂದರೆ ತೀರಾ ಕಡಿಮೆ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಬಗ್ಗೆ ಇಂದು ಬರೆಯುವವರು ಜೆ.ಎಫ್. ಫ್ಲೀಟ್ 1881ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕೊಟ್ಟ ಪಾಠಕ್ಕೆ ಹೋಗಲೇಬೇಕು. ಬಬಲೇಶ್ವರದ ಹುಡುಗಿಯ ಪಟ್ಟಿಯಲ್ಲಿದ್ದ ಇಸವಿ ಅದೇ. ಶಾಸನ ಬದಲಾಗಿಲ್ಲ, ಅದನ್ನು ಮೊದಲು ಓದಿದವನ ಓದಿನ ಜೊತೆ ವಾದ ಮಾಡದೆ ಹೊಸ ಓದು ನಿಲ್ಲುವುದಿಲ್ಲ. ಹಳೆಯದನ್ನು ಉಲ್ಲೇಖಿಸುವುದು ಇಲ್ಲಿ ಸೋಮಾರಿತನದ ಗುರುತಲ್ಲ, ಕೆಲಸದ ಕ್ರಮವೇ ಹಾಗೆ. ಇದನ್ನು ಒಪ್ಪದ ಅಳತೆಗೋಲು ಕನ್ನಡ ಸಂಶೋಧಕರಿಗೆ ಅನ್ಯಾಯ ಮಾಡುತ್ತದೆ ಎಂದು ಗಟ್ಟಿಯಾಗಿ ಹೇಳಬೇಕಾಗಿದೆ.

[ಬಾಕ್ಸ್] ಜನವರಿಯಲ್ಲಿ ಹುಟ್ಟಿದ ಅದೃಷ್ಟ
ಲೆಕ್ಕವೆಲ್ಲ ಕ್ಯಾಲೆಂಡರ್ ವರ್ಷದ್ದು. ಹಾಗಾಗಿ ಜನವರಿ ಸಂಚಿಕೆಯ ಲೇಖನಕ್ಕೆ ಉಲ್ಲೇಖ ಕೂಡಿಸಿಕೊಳ್ಳಲು ಡಿಸೆಂಬರ್ ಸಂಚಿಕೆಯ ಲೇಖನಕ್ಕಿಂತ ಹನ್ನೊಂದು ತಿಂಗಳು ಹೆಚ್ಚು ಸಿಗುತ್ತದೆ. ಹಿಂದೆಲ್ಲ ಲೇಖನವನ್ನು ಮೊದಲು ಆನ್‌ಲೈನ್‌ನಲ್ಲಿ ಹಾಕಿ, ಸಂಚಿಕೆಗೆ ತಿಂಗಳುಗಟ್ಟಲೆ ತಡವಾಗಿ ಸೇರಿಸಿದರೆ ಆ ನಡುವೆ ಓದುಗರು ಸಿಕ್ಕಿರುತ್ತಿದ್ದರು, ಎರಡು ವರ್ಷದ ಗಡಿಯಾರ ಮಾತ್ರ ತಡವಾಗಿ ಶುರುವಾಗುತ್ತಿತ್ತು.

ಬೆಂಗಳೂರಿನ ಅಣ್ಣ–ತಮ್ಮ

ತಡವಾಗುವುದು ಮಾನವಿಕ ವಿಷಯಗಳಿಗಷ್ಟೇ ಬಂದದ್ದಲ್ಲ. ಭೌತವಿಜ್ಞಾನದ ಹೃದಯದಲ್ಲೇ, ಅದೂ ನಮ್ಮ ರಾಜ್ಯದಲ್ಲೇ, ಮೂವತ್ತು ವರ್ಷ ಮಲಗಿದ್ದ ಲೇಖನವೊಂದಿದೆ.

ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ತರುಣ ಕೆಲಸ ಮಾಡುತ್ತಿದ್ದರು. ಸಿ.ವಿ. ರಾಮನ್ ಅವರ ಸೋದರಳಿಯ, ಹುಟ್ಟಿದ್ದು 1934ರಲ್ಲಿ. ಹರಳುಗಳ ಮೂಲಕ ಹಾಯುವ ಧ್ರುವೀಕೃತ ಬೆಳಕಿನ ಮೇಲೆ ಅವರ ಪ್ರಯೋಗ. ಬೆಳಕಿನ ಧ್ರುವೀಕರಣದ ಪ್ರತಿ ಸ್ಥಿತಿಯನ್ನೂ ಒಂದು ಗೋಳದ ಮೇಲಿನ ಬಿಂದುವಾಗಿ ಗುರುತಿಸಬಹುದು. ಬೆಳಕನ್ನು ಒಂದು ಸ್ಥಿತಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಒಯ್ದು, ಮರಳಿ ಮೊದಲ ಸ್ಥಿತಿಗೆ ತಂದರೆ ಅದು ಹೊರಟಾಗ ಇದ್ದಂತೆಯೇ ಇರಬೇಕಲ್ಲ? ಇರುವುದಿಲ್ಲ ಎಂದು ಪಂಚರತ್ನಂ ತೋರಿಸಿದರು. ಅಲೆಯ ಹಂತ ಕೊಂಚ ಸರಿದಿರುತ್ತದೆ. ಎಷ್ಟು ಸರಿದಿದೆ ಎಂಬುದನ್ನು ಗೋಳದ ಮೇಲೆ ಆ ಮೂರು ಬಿಂದುಗಳು ಮಾಡುವ ತ್ರಿಕೋನದ ವಿಸ್ತಾರವೇ ನಿರ್ಧರಿಸುತ್ತದೆ. ಇದು 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ 'ಪ್ರೊಸೀಡಿಂಗ್ಸ್'ನಲ್ಲಿ ಅಚ್ಚಾಯಿತು. ಲೇಖಕನ ವಯಸ್ಸು 22.

ಸದ್ದಾಗಲಿಲ್ಲ. ಪಂಚರತ್ನಂ ಮುಂದೆ ಆಕ್ಸ್‌ಫರ್ಡ್‌ಗೆ ಹೋದರು. 1969ರಲ್ಲಿ ಅಲ್ಲೇ 35ನೆಯ ವಯಸ್ಸಿಗೆ ತೀರಿಕೊಂಡರು.

1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರ್ರಿ ಕ್ವಾಂಟಂ ಲೋಕದಲ್ಲಿ ಇಂಥದ್ದೇ ಜ್ಯಾಮಿತೀಯ ಹಂತವಿದೆ ಎಂದು ಬರೆದಾಗ ಭೌತವಿಜ್ಞಾನಿಗಳು ಎದ್ದು ಕೂತರು. ಬೆಂಗಳೂರಿನಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರಿಗೆ ಹಳೆಯ ಲೇಖನ ನೆನಪಾಯಿತು. 1986ರ 'ಕರೆಂಟ್ ಸೈನ್ಸ್'ನಲ್ಲಿ ಅವರು ಬರೆದದ್ದರ ಸಾರ ಇಷ್ಟು: ಇದು ಬೆಳಕಿನ ವಿಷಯದಲ್ಲಿ 30 ವರ್ಷದ ಹಿಂದೆಯೇ ಇಲ್ಲಿ ಸಿಕ್ಕಿತ್ತು. ಬೆರ್ರಿ ಅದನ್ನು ಓದಿ, ಒಪ್ಪಿ, 1987ರಲ್ಲಿ ಹೊಸ ಲೇಖನ ಬರೆದು ಶೀರ್ಷಿಕೆಯಲ್ಲೇ ಪಂಚರತ್ನಂ ಹೆಸರಿಟ್ಟರು. 1994ರಲ್ಲಿ ಅದೇ 'ಕರೆಂಟ್ ಸೈನ್ಸ್'ನಲ್ಲಿ ಮನಸಾರೆ ಮೆಚ್ಚುಗೆ ಬರೆದರು. ಇಂದು 'ಪಂಚರತ್ನಂ–ಬೆರ್ರಿ ಹಂತ' ಪಠ್ಯಪುಸ್ತಕದ ಮಾತು. ಕಾಗದದಷ್ಟು ತೆಳುವಾದ ಮಸೂರಗಳನ್ನು ಮಾಡುವವರು ಅದರ ಮೇಲೆಯೇ ಕೆಲಸ ನಡೆಸುತ್ತಾರೆ.

ಹಿಂದುಳಿದ ದೇಶದ ಪತ್ರಿಕೆ, ಯಾರೂ ಓದಲಿಲ್ಲ ಎಂದುಬಿಡುವುದು ಸುಲಭ. ಆದರೆ ಪಂಚರತ್ನಂ ಅವರ ಅಣ್ಣ ಎಸ್. ಚಂದ್ರಶೇಖರ್ ಅವರ ಕಥೆ ಇದಕ್ಕೆ ಅಡ್ಡ ಬರುತ್ತದೆ. ಅದೇ ರಾಮನ್ ಸಂಸ್ಥೆಯಲ್ಲಿ ಅವರು ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜೊತೆಗೂಡಿ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ಕಂಡುಹಿಡಿದರು. 1977ರಲ್ಲಿ ಅದನ್ನು ಪ್ರಕಟಿಸಿದ್ದು ಬೆಂಗಳೂರಿನದೇ 'ಪ್ರಮಾಣ' ಪತ್ರಿಕೆಯಲ್ಲಿ. ಆ ಲೇಖನ ಮಲಗಲಿಲ್ಲ. ಜಗತ್ತಿನಾದ್ಯಂತ ದ್ರವಸ್ಫಟಿಕದ ಪ್ರಯೋಗಾಲಯಗಳು ಆಗಲೇ ಇದ್ದವು, ಮಾಡಿ ನೋಡಲು ಕೈಗಳು ಸಿದ್ಧವಿದ್ದವು. ಮುಂದೆ ಎಲ್‌ಸಿಡಿ ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ಹಾಳೆಗಳಿಗೆ ಅಂಥ ಅಣುಗಳೇ ಬಂದವು.

ಒಂದೇ ಮನೆಯವರು, ಒಂದೇ ಸಂಸ್ಥೆ, ಎರಡೂ ಭಾರತದ ಪತ್ರಿಕೆಗಳು. ಅಣ್ಣನ ಲೇಖನಕ್ಕಾಗಿ ಜನ ಕಾದಿದ್ದರು. ತಮ್ಮನ ಲೇಖನ ತನ್ನ ಓದುಗರಿಗಾಗಿ ತಾನೇ ಕಾಯಬೇಕಾಯಿತು. ಅದರ ಪ್ರಶ್ನೆ ಏನೆಂದು ಉಳಿದವರಿಗೆ ತಿಳಿಯಲು ಬೆರ್ರಿಯವರ ಲೇಖನ ಬೇಕಾಯಿತು. ಹಳೆಯದನ್ನು ನೆನಪಿಟ್ಟುಕೊಂಡ ಇಬ್ಬರು ಊರಲ್ಲೇ ಇದ್ದದ್ದು ದೊಡ್ಡ ಪುಣ್ಯ.

[ಬಾಕ್ಸ್] ನಿದ್ರಾಸುಂದರಿಯರು
ಬಹುಕಾಲ ಮಲಗಿ ಎದ್ದ ಲೇಖನಗಳಿಗೆ 2004ರಲ್ಲಿ ಲೈಡನ್‌ನ ಆಂಥನಿ ವಾನ್ ರಾನ್ ಈ ಹೆಸರಿಟ್ಟರು. 2015ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ತಂಡವೊಂದು 2.2 ಕೋಟಿ ಲೇಖನಗಳನ್ನು ಜಾಲಾಡಿ, ಇಂಥವು ಅಪವಾದವೇನಲ್ಲ ಎಂದಿತು. ಅಂಕಿಗಳ ರಾಶಿಯಿಂದ ಮುಖ್ಯ ದಿಕ್ಕು ಹೆಕ್ಕುವ ಕಾರ್ಲ್ ಪಿಯರ್ಸನ್‌ರ 1901ರ ವಿಧಾನ ಎದ್ದದ್ದು ಕಂಪ್ಯೂಟರುಗಳು ಬಂದ ಮೇಲೆ. ಗ್ರಾಫೈಟ್ ಆಕ್ಸೈಡ್ ತಯಾರಿಸುವ ಹಮ್ಮರ್ಸ್ ಮತ್ತು ಆಫ್‌ಮನ್‌ರ 1958ರ ಪುಟ್ಟ ಟಿಪ್ಪಣಿ ಎದ್ದದ್ದು 2004ರಲ್ಲಿ ಗ್ರಾಫೀನ್ ಸಿಕ್ಕ ಮೇಲೆ. 1866ರ ಮೆಂಡೆಲ್ ಎದ್ದದ್ದು 1900ರಲ್ಲಿ.

ಎಲ್ಲರ ಬಾಯಲ್ಲೂ ಇದ್ದು, ಹೆಸರಿಲ್ಲದೆ

ಹಳಕಟ್ಟಿಯವರದು ಇದಕ್ಕಿಂತ ತೊಡಕಿನ ಪ್ರಕರಣ. ಅವರ ಕೆಲಸ ಮಲಗಲಿಲ್ಲ, ಕನ್ನಡದ ಓದುಗರು ಅದನ್ನು ಎತ್ತಿಕೊಂಡರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು 1930ರಲ್ಲಿ ಅಚ್ಚು ಹಾಕಿದ 'ಶೂನ್ಯಸಂಪಾದನೆ'ಯ ಕೃತಿಪರಂಪರೆ ಅದೇ ವಿಶ್ವವಿದ್ಯಾಲಯದಿಂದ 1965ರಿಂದ 1972ರವರೆಗೆ ಐದು ಇಂಗ್ಲಿಷ್ ಸಂಪುಟಗಳಾಗಿ ಹೊರಬಂತು. ಮೊದಲ ಸಂಪುಟ ಬರುವ ಹಿಂದಿನ ವರ್ಷ, 1964ರ ಜೂನ್ 29ರಂದು, ಹಳಕಟ್ಟಿ ತೀರಿಕೊಂಡಿದ್ದರು.

1993ರಲ್ಲಿ ರಾಜ್ಯ ಸರ್ಕಾರ 15 ಸಂಪುಟಗಳ 'ಸಮಗ್ರ ವಚನ ಸಂಪುಟ' ತಂದಿತು. ಅದರ ಪ್ರಧಾನ ಸಂಪಾದಕರಾಗಿ ದುಡಿದವರು ಇದೇ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿ. ಅಚ್ಚುಕಟ್ಟಾದ ಪಾಠ, ವಚನಕ್ಕೊಂದು ಸಂಖ್ಯೆ. ಅಂದಿನಿಂದ ಸಂಶೋಧಕರು ಸಂಪುಟ, ಸಂಖ್ಯೆ ಬರೆದರೆ ಮುಗಿಯಿತು. ಅದು ಸರಿಯೂ ಹೌದು. ಆದರೆ ಆ ವಚನ ಯಾವ ಓಲೆಯಿಂದ ಮೊದಲು ಯಾರ ಕೈಯಲ್ಲಿ ಅಚ್ಚಾಯಿತು ಎಂಬ ಸಾಲು ಅಡಿಟಿಪ್ಪಣಿಯಿಂದ ಸದ್ದಿಲ್ಲದೆ ಇಳಿದುಹೋಯಿತು.

ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ಇದನ್ನು ಗುರುತಿಸಿದ್ದರು. ಒಂದು ಕೊಡುಗೆ ಎಲ್ಲರ ತಿಳಿವಳಿಕೆಯೊಳಗೆ ಪೂರ್ತಿ ಬೆರೆತಾಗ ಅದನ್ನು ಕೊಟ್ಟವರ ಹೆಸರು ಉಲ್ಲೇಖದಿಂದ ಅಳಿಯುತ್ತದೆ. ಗುರುತ್ವಾಕರ್ಷಣೆ ಎಂದವರು ನ್ಯೂಟನ್ನನ ಪುಸ್ತಕದ ಪುಟ ಸಂಖ್ಯೆ ಕೊಡುವುದಿಲ್ಲ. ಲಗ್ನಪತ್ರಿಕೆಯ ಮೇಲೆ, ಶಾಲೆಯ ಗೋಡೆಯ ಮೇಲೆ, ವಿಧಾನಸಭೆಯ ಭಾಷಣದಲ್ಲಿ ವಚನ ಬಂದಾಗ ಹಿತಚಿಂತಕ ಮುದ್ರಣಾಲಯದ ಹೆಸರು ಯಾರೂ ಹೇಳುವುದಿಲ್ಲ. ಉಲ್ಲೇಖದ ಗೆರೆ ಕೆಳಗಿಳಿದದ್ದನ್ನು ನೋಡಿ ಕೆಲಸ ಸತ್ತಿತು ಎಂದುಕೊಂಡರೆ, ಅದು ಎಲ್ಲೆಡೆ ಬದುಕಿರುವುದೇ ಕಾಣದೆ ಹೋಗುತ್ತದೆ.

ಇಂದಿನ ಸಂಶೋಧಕರಿಗೆ ಇದರ ಬಿಸಿ ನೇರವಾಗಿ ತಟ್ಟುತ್ತದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಪ್ರಕಟಣೆ ಮತ್ತು ಉಲ್ಲೇಖಗಳಿಗೆ ಅಂಕವಿದೆ, ಎಣಿಕೆ ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳದು. ಅಲ್ಲಿರುವ ಪತ್ರಿಕೆಗಳು ಬಹುಮಟ್ಟಿಗೆ ಇಂಗ್ಲಿಷಿನವು. ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಜಾಗ ಕೊಟ್ಟು ಯುಜಿಸಿ 2019ರಲ್ಲಿ ತಂದ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಡಲಾಯಿತು. ತೊರವಿ ರಸ್ತೆಯ ಮಹಿಳಾ ವಿಶ್ವವಿದ್ಯಾಲಯದಲ್ಲೋ ಧಾರವಾಡದಲ್ಲೋ ಕೂತು ಕನ್ನಡದಲ್ಲಿ ಬರೆಯುವವರು, ತಮ್ಮ ಲೇಖನ ಹದಿನೈದು ವರ್ಷದ ಮೇಲೆ ಯಾರಿಗೋ ಬೇಕಾಗುತ್ತದೆಂದು ಗೊತ್ತಿದ್ದರೂ, ಈ ವರ್ಷದ ಅಂಕಪಟ್ಟಿಗೆ ಉತ್ತರ ಹೇಳಬೇಕು. ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂದು ಜಗತ್ತಿನ ವಿಜ್ಞಾನಿಗಳೇ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯಲ್ಲಿ ಕೇಳಿ ದಶಕ ಕಳೆದಿದೆ.

ಗ್ರಂಥಾಲಯ ವಿಜ್ಞಾನದಲ್ಲಿ ಎಣಿಕೆ, ಅಳತೆಗಳನ್ನು ತರಬೇಕೆಂದು 1948ರಲ್ಲೇ ಹೇಳಿದ ಎಸ್.ಆರ್. ರಂಗನಾಥನ್ ಕಡೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಅಲ್ಲಿ ಕಟ್ಟಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರದಲ್ಲಿ ಈ ವಿದ್ಯೆ ಕಲಿತವರು ರಾಜ್ಯದಲ್ಲಿದ್ದಾರೆ. ಕನ್ನಡ ಸಂಶೋಧನೆಗೆ ತಕ್ಕ ಉಲ್ಲೇಖ ಸೂಚಿ ಕಟ್ಟಲು ಬೇಕಾದ ಜ್ಞಾನ ಪರದೇಶದಿಂದ ಬರಬೇಕಿಲ್ಲ.

ಭಾರತೀಯ ವಿಜ್ಞಾನ ಅಕಾಡೆಮಿ 1934ರಿಂದೀಚಿನ ತನ್ನ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಉಚಿತವಾಗಿ ಜಾಲದಲ್ಲಿಟ್ಟಿದೆ. ಪಂಚರತ್ನಂ ಅವರ 1956ರ ಲೇಖನ ಇಂದು ಟಿಕೋಟಾದ ವಿದ್ಯಾರ್ಥಿಯ ಮೊಬೈಲಿನಲ್ಲಿ ಪುಟ ಸಂಖ್ಯೆ ಸಮೇತ ತೆರೆದುಕೊಳ್ಳುತ್ತದೆ. ಹಳಕಟ್ಟಿಯವರ ಸಮಗ್ರ ಸಾಹಿತ್ಯವನ್ನು ವಿಜಯಪುರದಲ್ಲಿ ಬಿ.ಎಲ್‌.ಡಿ.ಇ. ಸಂಸ್ಥೆಯದೇ ಆದ, ಅವರ ಹೆಸರಿನ ಸಂಶೋಧನ ಕೇಂದ್ರ ಪ್ರಕಟಿಸಿದೆ. 'ಶಿವಾನುಭವ'ದ ಪ್ರತಿ ಲೇಖನಕ್ಕೂ, ಅದರ ಸಾಲಿನ 'ಪ್ರಬುದ್ಧ ಕರ್ನಾಟಕ', 'ಪರಿಷತ್ಪತ್ರಿಕೆ'ಗಳ ಲೇಖನಗಳಿಗೂ ಜಾಲದಲ್ಲಿ ಒಂದೊಂದು ಶಾಶ್ವತ ಗುರುತು ಸಿಗಬೇಕು. ಆಗ ಮೂಲವನ್ನು ಉಲ್ಲೇಖಿಸುವುದೂ ಸುಲಭ, ಉಲ್ಲೇಖಿಸಿದ್ದನ್ನು ಎಣಿಸುವುದೂ ಸುಲಭ. ಜುಲೈ 2ರ ಹಳಕಟ್ಟಿ ಜಯಂತಿಯನ್ನು ಸರ್ಕಾರ ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತದೆ. ಈ ಶತಮಾನೋತ್ಸವದ ವರ್ಷ ಭಾಷಣಗಳ ಜೊತೆಗೆ ಆ ಕೆಲಸಕ್ಕೂ ಕೈ ಹಚ್ಚಬಹುದು: ಮೊದಲಿಗೆ 1926ರ ಒಂದನೆಯ ಸಂಪುಟ, ಲೇಖನದ ಹೆಸರು, ಬರೆದವರು, ಪುಟ ಸಂಖ್ಯೆ.